ಇಸಾರ ಕೊಡುವ ಮೊದಲು ಪತ್ರ ತೋರಿಸಿ

ಓದುಗರ ಕಾನೂನು ಪ್ರಶ್ನೆಗಳಿಗೆ ರಾಯಚೂರಿನ ವಕೀಲರೊಬ್ಬರ ಉತ್ತರ

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮನೆ ಮತ್ತು ಪ್ಲಾಟುಗಳ ಖರೀದಿಗೆ ಸಂಬಂಧಿಸಿದವು. ಅವುಗಳಲ್ಲಿ ರಾಯಚೂರಿನ ಶಿಕ್ಷಕಿಯೊಬ್ಬರು ಬರೆದ ಪತ್ರ ವಿವರವಾಗಿದೆ, ಉಳಿದ ಹಲವರ ಅನುಮಾನಗಳೂ ಅದರಲ್ಲಿ ಸೇರಿಕೊಂಡಿವೆ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯ ವಕೀಲರಿಗೆ ನಮಸ್ಕಾರ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ರಾಯಚೂರಿನ ಹಳೆಯ ಓಣಿಯೊಂದರಲ್ಲಿ ನಾವು ಒಂದು ಮನೆ ನೋಡಿದ್ದೇವೆ. ಆ ಮನೆಯ ಯಜಮಾನರು 2011ರಲ್ಲಿ ತೀರಿಕೊಂಡರು. ಈಗ ಖಾತೆ ಮೂವರು ಗಂಡುಮಕ್ಕಳ ಹೆಸರಿನಲ್ಲಿದೆ. ಇಬ್ಬರು ಹೆಣ್ಣುಮಕ್ಕಳನ್ನು ಬಹಳ ಹಿಂದೆಯೇ ಮದುವೆ ಮಾಡಿ ಕೊಟ್ಟಿದ್ದಾರೆ. ಮಾರುವವರು 15 ವರ್ಷದ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣ ಪತ್ರ), ತೆರಿಗೆ ರಸೀದಿ, ಇ-ಖಾತೆ ಎಲ್ಲವನ್ನೂ ತೋರಿಸಿದ್ದಾರೆ. ಬ್ಯಾಂಕಿನವರು ತಮ್ಮ ವಕೀಲರಿಂದ ಲೀಗಲ್ ಒಪಿನಿಯನ್ ತೆಗೆಸುತ್ತಿದ್ದು, ಅದರ ಶುಲ್ಕವನ್ನು ನಾವೇ ಕಟ್ಟಿದ್ದೇವೆ. ಹೀಗಿರುವಾಗ ನಾವು ಪ್ರತ್ಯೇಕವಾಗಿ ವಕೀಲರನ್ನು ಹಿಡಿಯಬೇಕೆ? ಬರುವ ವಾರದೊಳಗೆ ಐದು ಲಕ್ಷ ಇಸಾರ (ಮುಂಗಡ) ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮಾರುವವರು ಅವಸರ ಮಾಡುತ್ತಿದ್ದಾರೆ.

ಉತ್ತರ: ತಾಯಿ, ನಿಮ್ಮದೇ ಆದ ವಕೀಲರು ಬೇಕು, ಮತ್ತು ಅವರು ಬೇಕಾಗಿರುವುದು ಇಸಾರ ಕೊಡುವುದಕ್ಕೆ ಮುಂಚೆ. ನಮ್ಮ ಕಡೆಯ ಜನ ಇಸಾರ ಕೊಟ್ಟು, ಕರಾರು ಬರೆಸಿ, ನೆಂಟರಿಗೆಲ್ಲ ಸಿಹಿ ಹಂಚಿದ ಮೇಲೆ ಕಾಗದಪತ್ರದ ಚೀಲ ಹಿಡಿದುಕೊಂಡು ವಕೀಲರ ಹತ್ತಿರ ಬರುತ್ತಾರೆ. ಆ ಹೊತ್ತಿಗೆ ದೋಷ ಕಂಡರೂ ಹಿಂದೆ ಸರಿಯುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಮಾರುವವರು ಕೈ ಬಿಟ್ಟು ಹೋದಾರೆಂಬ ಭಯ ಇದ್ದರೆ, ಕಳೆದುಕೊಂಡರೂ ತಡೆದುಕೊಳ್ಳಬಹುದಾದಷ್ಟು ಸಣ್ಣ ಮೊತ್ತವನ್ನು ಚೆಕ್ಕಿನ ಮೂಲಕ ಕೊಡಿ. ಪತ್ರಗಳ ಪರಿಶೀಲನೆಯಲ್ಲಿ ಹಕ್ಕು ನಿರ್ದೋಷವೆಂದು ಕಂಡುಬರದಿದ್ದರೆ ಆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ವಾಕ್ಯ ಕರಾರಿನಲ್ಲಿ ಇರಲೇಬೇಕು. ಈ ವಾಕ್ಯಕ್ಕೆ ಒಪ್ಪದ ಮಾರಾಟಗಾರರ ಮನೆಯನ್ನು ಬೇರೆಯವರೇ ಕೊಳ್ಳಲಿ ಎಂದು ಬಿಟ್ಟುಬಿಡುವುದು ಲೇಸು.

ಬ್ಯಾಂಕಿನ ಪ್ಯಾನಲ್ ವಕೀಲರು ಕೊಡುವ ಅಭಿಪ್ರಾಯ ಬ್ಯಾಂಕಿಗೆ ಬರೆದದ್ದು. ಶುಲ್ಕ ಹೋಗಿದ್ದು ನಿಮ್ಮ ಕೈಯಿಂದಲೇ ಆದರೂ ಅವರ ಕಕ್ಷಿದಾರ ಬ್ಯಾಂಕು. ಈ ಮನೆಯನ್ನು ಅಡವಿಟ್ಟುಕೊಂಡರೆ ತನ್ನ ಸಾಲಕ್ಕೆ ಸಾಕಷ್ಟು ಭದ್ರತೆ ಸಿಗುತ್ತದೆಯೇ ಎಂದು ಬ್ಯಾಂಕು ಕೇಳುತ್ತದೆ; ಈ ಮನೆಯಲ್ಲಿ ನನ್ನ ಮಕ್ಕಳು ಯಾರ ತಕರಾರೂ ಇಲ್ಲದೆ ಇರಬಹುದೇ ಎಂದು ನೀವು ಕೇಳುತ್ತೀರಿ. ನಾಳೆ ಮನೆಯ ಮೇಲೆ ಪಾಲಿನ ದಾವೆ ಬಿದ್ದರೂ ಸಾಲದ ಕಂತು ನಿಮ್ಮ ಸಂಬಳದಿಂದ ತಿಂಗಳು ತಿಂಗಳು ಕಟ್ಟಾಗುತ್ತಲೇ ಇರುತ್ತದೆ. ಆದರೂ ಆ ಅಭಿಪ್ರಾಯದ ಒಂದು ಪ್ರತಿಯನ್ನು ಬ್ಯಾಂಕಿನವರಲ್ಲಿ ಕೇಳಿ ಪಡೆಯಿರಿ, ನಿಮ್ಮ ವಕೀಲರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿಯಾದರೆ ಸರ್ಕಾರವೇ ಹಕ್ಕನ್ನು ಒಪ್ಪಿದಂತೆ ಎಂಬ ನಂಬಿಕೆ ಬಹಳ ಜನರಲ್ಲಿದೆ. 1908ರ ನೋಂದಣಿ ಕಾಯ್ದೆಯಲ್ಲಿ ಅಂಥ ಭರವಸೆ ಎಲ್ಲಿಯೂ ಇಲ್ಲ. ಪತ್ರಕ್ಕೆ ಸಹಿ ಮಾಡಿದವರು ಅವರೇ ಹೌದೇ, ಮುದ್ರಾಂಕ ಶುಲ್ಕ ಸರಿಯಾಗಿದೆಯೇ ಎಂಬುದನ್ನು ಅಧಿಕಾರಿ ನೋಡುತ್ತಾರೆ. ಮಾರುವವರಿಗೆ ಮಾರುವ ಹಕ್ಕಿದೆಯೇ ಎಂದು ವಿಚಾರಣೆ ಮಾಡುವುದು ಅವರ ಕೆಲಸವಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಪಡಿಸುವಾಗ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿದೆ. ಖಾತೆಯ ವಿಷಯವೂ ಹಾಗೆಯೇ: ಅದು ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ಗುರುತಿಸುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳುತ್ತ ಬಂದಿವೆ. ಹಾಗಾಗಿ ಹಕ್ಕನ್ನು ಪರೀಕ್ಷಿಸಿ ನೋಡುವ ಹೊಣೆ ಕೊಳ್ಳುವವರ ಹೆಗಲ ಮೇಲೆಯೇ ಉಳಿಯುತ್ತದೆ. ನೀವು ಆ ಹೊಣೆಯನ್ನು ವಕೀಲರಿಗೆ ಒಪ್ಪಿಸುತ್ತಿದ್ದೀರಿ ಎಂದು ತಿಳಿಯಿರಿ.

ಇನ್ನು ನಿಮ್ಮ ಕೈಯಲ್ಲಿರುವ ಇ.ಸಿ.ಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದನ್ನು ನೋಡಿ ನೆಮ್ಮದಿಯಾದವರೇ ಮುಂದೆ ಹೆಚ್ಚು ತೊಂದರೆಗೆ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ನೋಂದಣಿ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳನ್ನು 1ನೇ ಪುಸ್ತಕದಲ್ಲಿ, ಉಯಿಲುಗಳನ್ನು 3ನೇ ಪುಸ್ತಕದಲ್ಲಿ, ಇತರ ಪತ್ರಗಳನ್ನು 4ನೇ ಪುಸ್ತಕದಲ್ಲಿ ದಾಖಲು ಮಾಡುತ್ತಾರೆ. ಇ.ಸಿ.ಯಲ್ಲಿ ಬರುವುದು 1ನೇ ಪುಸ್ತಕದ ನಮೂದುಗಳು. ತೀರಿಹೋದ ಯಜಮಾನರು ಒಬ್ಬ ಮಗಳ ಹೆಸರಿಗೆ ನೋಂದಾಯಿತ ಉಯಿಲು ಬರೆದಿಟ್ಟಿದ್ದರೂ ಅದು ನಿಮ್ಮ ಇ.ಸಿ.ಯಲ್ಲಿ ಕಾಣುವುದಿಲ್ಲ. ಬರೆದವರು ಕಾಲವಾದ ಮೇಲೆ ಯಾರು ಬೇಕಾದರೂ 3ನೇ ಪುಸ್ತಕದಿಂದ ನಕಲು ಕೇಳಲು ಕಾಯ್ದೆಯ 57ನೇ ಕಲಂ ಅವಕಾಶ ಕೊಟ್ಟಿದೆ. ಮರಣ ಪ್ರಮಾಣ ಪತ್ರವನ್ನು ಇಟ್ಟು ಆ ಅರ್ಜಿ ಹಾಕಬೇಕೆಂಬುದು ಅನುಭವವಿರುವ ವಕೀಲರಿಗೆ ಹೊಳೆಯುತ್ತದೆ, ಮನೆ ತೋರಿಸುವ ದಲ್ಲಾಳಿಗಳಿಗೆ ಹೊಳೆಯುವುದಿಲ್ಲ.

ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಗಳೂ ಸಾಮಾನ್ಯವಾಗಿ ಇ.ಸಿ.ಯಲ್ಲಿ ಬರುವುದಿಲ್ಲ. ಆದರೆ ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಹೇಳುತ್ತದೆ. ದಾವೆ ಇರುವುದು ನನಗೆ ಗೊತ್ತಿರಲಿಲ್ಲ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ವಕೀಲರು ಮಾರುವವರ, ಅವರ ತಂದೆಯ, ಅಣ್ಣತಮ್ಮಂದಿರ ಮತ್ತು ಅಕ್ಕತಂಗಿಯರ ಹೆಸರುಗಳಿಂದ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಬೇಕು, ಊರಿನ ಸಿವಿಲ್ ನ್ಯಾಯಾಲಯದಲ್ಲಿಯೂ ವಿಚಾರಿಸಬೇಕು. ಹೈಕೋರ್ಟಿನಲ್ಲಿ ಮೇಲ್ಮನವಿ ಇದ್ದರೆ ರಾಯಚೂರಿನದು ಅದರ ಕಲಬುರಗಿ ಪೀಠದಲ್ಲಿರುತ್ತದೆ, ಬಳ್ಳಾರಿ ಮತ್ತು ಕೊಪ್ಪಳದ್ದು ಧಾರವಾಡ ಪೀಠದಲ್ಲಿರುತ್ತದೆ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲವೂ ಕೆಲವೊಮ್ಮೆ ಇ.ಸಿ.ಗೆ ಸಿಕ್ಕಿರುವುದಿಲ್ಲ. ಮಾರುವವರು ಝೆರಾಕ್ಸ್ ಪ್ರತಿಗಳನ್ನೇ ತೋರಿಸುತ್ತ, ಅಸಲು ಊರಲ್ಲಿದೆ, ಅಣ್ಣನ ಹತ್ತಿರ ಇದೆ ಎಂದು ದಿನ ದೂಡಿದರೆ ಅನುಮಾನ ಪಡಬೇಕು. ಇಂಥ ಅಡಮಾನಗಳನ್ನು ದಾಖಲಿಸಲು ಸರ್ಸಾಯ್ ಎಂಬ ಕೇಂದ್ರೀಯ ನೋಂದಣಿ ವ್ಯವಸ್ಥೆ 2011ರಿಂದ ಇದೆ, ಶುಲ್ಕ ಕಟ್ಟಿ ಅಲ್ಲಿಯೂ ನೋಡಬಹುದು.

ನಿಮ್ಮ ಇ.ಸಿ. 15 ವರ್ಷದ್ದು. ವಕೀಲರು 30 ವರ್ಷಗಳ ಇ.ಸಿ. ಕೇಳುವುದಕ್ಕೆ ಕಾರಣವಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಸ್ವಾಧೀನಕ್ಕಾಗಿ ಖಾಸಗಿಯವರು ದಾವೆ ಹೂಡಲು 12 ವರ್ಷಗಳ ಅವಧಿ ಇದ್ದರೆ, ಸರ್ಕಾರಕ್ಕೆ 30 ವರ್ಷಗಳ ಅವಧಿ ಇದೆ. ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲಿ ಕುಳಿತೇ ಇ.ಸಿ. ಪಡೆಯಬಹುದಾದರೂ ಗಣಕೀಕೃತ ದಾಖಲೆ ಸಿಗುವುದು ಸುಮಾರು 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಕಚೇರಿಯಲ್ಲಿ ಸೂಚಿ ಪುಸ್ತಕ ತಿರುವಿ ನೋಡಿಸಬೇಕು. ಇಲ್ಲಿಯೇ ಇನ್ನೊಂದು ತೊಡಕು ಇದೆ. ಹಳೆಯ ಓಣಿಗಳ ಮನೆ ನಂಬರುಗಳು ಕಾಲಕಾಲಕ್ಕೆ ಬದಲಾಗಿವೆ, ಮತ್ತು ಈಗಿನ ನಂಬರು ಕೊಟ್ಟು ಹುಡುಕಿದರೆ ಹಳೆಯ ನಂಬರಿನ ಮೇಲೆ ಆದ ಅಡಮಾನವಾಗಲಿ ಮಾರಾಟವಾಗಲಿ ಸಿಗುವುದಿಲ್ಲ. ಹಳೆಯ ಖರೀದಿ ಪತ್ರದ ಚೆಕ್‌ಬಂದಿಯನ್ನು ಓದಿ, ಪೂರ್ವಕ್ಕೆ ಯಾರ ಮನೆ, ಉತ್ತರಕ್ಕೆ ಯಾವ ಓಣಿ ಎಂಬುದನ್ನು ಇಂದಿನ ಸ್ಥಳದೊಂದಿಗೆ ಹೊಂದಿಸಿ, ಇದೇ ಅದು ಎಂದು ತೀರ್ಮಾನಿಸಿದ ಮೇಲೆ ಎರಡೂ ನಂಬರುಗಳಿಂದ ಮತ್ತು ಹಿಂದಿನ ಎಲ್ಲ ಮಾಲೀಕರ ಹೆಸರುಗಳಿಂದ ಶೋಧ ಮಾಡಿಸಬೇಕು. ತಾಳ್ಮೆಯ ಕೆಲಸ ಇದು. ಒಂದೇ ಸಂಜೆಯಲ್ಲಿ ಲೀಗಲ್ ಒಪಿನಿಯನ್ ಬರೆದುಕೊಡುತ್ತೇನೆ ಎನ್ನುವವರು ಇದನ್ನು ಮಾಡಿರಲಾರರು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು, ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕೊಟ್ಟಿದ್ದಾರೆ ಎಂಬುದು. ಮದುವೆಯಾಗಿ ಹೋದ ಮಗಳಿಗೆ ತವರಿನ ಆಸ್ತಿಯಲ್ಲಿ ಏನೂ ಇಲ್ಲವೆಂಬ ಮಾತನ್ನು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಕಾನೂನೆಂಬಂತೆ ಆಡುತ್ತಾರೆ. ಅದು ಸಂಪೂರ್ಣ ತಪ್ಪು. ಆ ಮನೆ ತಂದೆಯ ಸ್ವಯಾರ್ಜಿತವಾಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿಕೊಂಡವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತೀರಿಕೊಂಡವರ ತಾಯಿ ಬದುಕಿದ್ದರೆ ಆಕೆಗೂ ಪಾಲುಂಟು. ಪಿತ್ರಾರ್ಜಿತವಾಗಿದ್ದರೆ, 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕುಳ್ಳವಳು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಯಾವ ದಾರಿಯಿಂದ ನೋಡಿದರೂ ಆ ಇಬ್ಬರ ಸಹಿ ಇಲ್ಲದೆ ನೀವು ಇಡೀ ಮನೆಯನ್ನು ಕೊಂಡಂತಾಗುವುದಿಲ್ಲ.

ನಾವು 1998ರಲ್ಲೇ ಬಾಯಿಮಾತಿನಲ್ಲಿ ವಾಟ್ನಿ (ಆಸ್ತಿ ಪಾಲು) ಮಾಡಿಕೊಂಡಿದ್ದೇವೆ ಎಂದು ಅಣ್ಣತಮ್ಮಂದಿರು ಹೇಳಬಹುದು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆದ ಪಾಲುಪಟ್ಟಿಗಳಿಗೆ ಕಾಯ್ದೆ ರಕ್ಷಣೆ ಕೊಟ್ಟಿರುವುದು ನಿಜ. ಆದರೆ ಬಾಯಿಮಾತಿನ ವಾಟ್ನಿಯನ್ನು ಸರ್ಕಾರಿ ದಾಖಲೆಗಳ ಬಲವಾದ ಆಧಾರವಿಲ್ಲದೆ ಒಪ್ಪಲಾಗದೆಂದು ಅದೇ 2020ರ ತೀರ್ಪು ಹೇಳಿದೆ. ನಮ್ಮ ಅಕ್ಕಂದಿರು ಏನೂ ಕೇಳುವುದಿಲ್ಲ, ಬೇಕಾದರೆ ಫೋನ್ ಮಾಡಿಕೊಡುತ್ತೇವೆ ಎಂದೂ ಹೇಳಬಹುದು. ಫೋನಿನ ಮಾತು, ಬಿಳಿ ಹಾಳೆಯ ಸಹಿ, ನೋಟರಿ ಮಾಡಿಸಿದ ಪ್ರಮಾಣ ಪತ್ರ ಇವು ಯಾವುವೂ ಸ್ಥಿರಾಸ್ತಿಯ ಹಕ್ಕನ್ನು ಬಿಡಿಸುವುದಿಲ್ಲ. ಅಕ್ಕತಂಗಿಯರಿಬ್ಬರೂ ಖರೀದಿ ಪತ್ರಕ್ಕೆ ಮಾರಾಟಗಾರರಾಗಿಯೇ ಸಹಿ ಮಾಡಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. ಯಜಮಾನರ ಹೆಂಡತಿ ಇದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಅವರ ಸಹಿಯೂ ಬೇಕು. ಮಕ್ಕಳಲ್ಲಿ ಯಾರಾದರೂ ತೀರಿಕೊಂಡು ಅವರಿಗೆ ಅಪ್ರಾಪ್ತ ವಯಸ್ಸಿನ ಮಕ್ಕಳಿದ್ದರೆ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ನ್ಯಾಯಾಲಯದ ಅನುಮತಿಯಿಲ್ಲದೆ ಪೋಷಕರು ಮಾರಿದ ಅಪ್ರಾಪ್ತರ ಸ್ವಂತ ಆಸ್ತಿಯ ವ್ಯವಹಾರವನ್ನು, ಅವರು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷದೊಳಗೆ ಪ್ರಶ್ನಿಸಬಹುದು. ಈ ಕಾರಣಕ್ಕಾಗಿಯೇ ಒಳ್ಳೆಯ ವಕೀಲರು ಮಾರುವವರಲ್ಲಿ ಮೊದಲು ವಂಶವೃಕ್ಷ ಕೇಳುತ್ತಾರೆ, ಅದನ್ನೂ ಕಣ್ಣುಮುಚ್ಚಿ ನಂಬದೆ ಓಣಿಯ ಹಿರಿಯರಲ್ಲಿ ವಿಚಾರಿಸುತ್ತಾರೆ. ಕಾಗದದಲ್ಲಿ ಬರೆದಿರುವ ಹೆಸರುಗಳನ್ನು ಯಾರು ಬೇಕಾದರೂ ಓದಬಹುದು. ಬರೆಯಬೇಕಾಗಿದ್ದೂ ಬರೆಯದೆ ಬಿಟ್ಟ ಹೆಸರು ಯಾವುದೆಂದು ಹುಡುಕುವುದಕ್ಕಾಗಿಯೇ ವಕೀಲರಿಗೆ ಶುಲ್ಕ ಕೊಡುವುದು.

ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ವಕೀಲಿ ಆರಂಭಿಸಿದ ಹೊಸತರಲ್ಲಿ, ಇದೇ ಜಿಲ್ಲೆಯ ಒಂದು ಊರಿನ ಮನೆಗೆ ಪತ್ರಗಳನ್ನಷ್ಟೇ ನೋಡಿ ನಿರ್ದೋಷವೆಂದು ಅಭಿಪ್ರಾಯ ಬರೆದುಕೊಟ್ಟಿದ್ದೆ. ಮನೆಗೆ ಹೋಗಿ ನೋಡಿರಲಿಲ್ಲ. ಹಿಂದಿನ ಕೋಣೆಯಲ್ಲಿ ವಯಸ್ಸಾದ ವಿಧವೆಯೊಬ್ಬರು ಇದ್ದರು. ದೂರದ ಸಂಬಂಧಿ, ಎಲ್ಲಿಯಾದರೂ ಹೋಗುತ್ತಾರೆ ಎಂದು ಮಾರುವವರು ಕೊಳ್ಳುವವರಿಗೆ ಹೇಳಿದ್ದರು. ನೋಂದಣಿಯಾದ ಮೇಲೆ ಗೊತ್ತಾಯಿತು, ಅವರು ಮಾರಾಟಗಾರರ ಚಿಕ್ಕಮ್ಮ, ಬದುಕಿರುವವರೆಗೆ ಆ ಕೋಣೆಯಲ್ಲಿ ವಾಸಿಸುವ ಹಕ್ಕನ್ನು ನ್ಯಾಯಾಲಯದ ರಾಜಿ ಡಿಕ್ರಿಯೇ ಅವರಿಗೆ ಕೊಟ್ಟಿತ್ತು. ಡಿಕ್ರಿ ಇ.ಸಿ.ಯಲ್ಲಿ ಇರಲಿಲ್ಲ. ಆದರೆ ಆಸ್ತಿಯಲ್ಲಿ ಯಾರು ವಾಸವಾಗಿದ್ದಾರೋ ಅವರ ಹಕ್ಕಿನ ತಿಳಿವಳಿಕೆ ಕೊಳ್ಳುವವರಿಗೆ ಇದೆಯೆಂದೇ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಂ ಭಾವಿಸುತ್ತದೆ. ನನ್ನ ಕಕ್ಷಿದಾರರು ಆರು ವರ್ಷ ಕೋರ್ಟಿಗೆ ಅಲೆದರು. ಆ ಅಮ್ಮನನ್ನು ಒಂದು ಮಾತು ಕೇಳಿದ್ದರೆ ಡಿಕ್ರಿಯ ಪ್ರತಿಯನ್ನು ಅವರೇ ತೆಗೆದು ತೋರಿಸುತ್ತಿದ್ದರು. ಅಂದಿನಿಂದ ಮನೆಯೊಳಗೆ ಹೋಗಿ ಬರದೆ ನಾನು ಅಭಿಪ್ರಾಯಕ್ಕೆ ಸಹಿ ಮಾಡಿಲ್ಲ. ನೀವು ನೋಡಿದ ಮನೆಯಲ್ಲಿ ಬಾಡಿಗೆದಾರರಿದ್ದರೆ, ಯಾರಿಗೆ ಬಾಡಿಗೆ ಕೊಡುತ್ತಾರೆ, ಯಾವ ಆಧಾರದ ಮೇಲೆ ಇದ್ದಾರೆ ಎಂದು ನಿಮ್ಮ ವಕೀಲರ ಮುಂದೆಯೇ ಕೇಳಿಸಿ.

ಎಲ್ಲ ಮುಗಿದ ಮೇಲೆ ಇಲ್ಲಿ ಓದುವ ಕನ್ನಡ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ತಕರಾರಿದ್ದವರು 15 ದಿನದೊಳಗೆ ತಿಳಿಸಲಿ ಎಂದು ಕೇಳಿರಿ. ಪ್ರಕಟಣೆ ಕೊಟ್ಟರೆ ಇತರರ ಹಕ್ಕು ಹೋಗುತ್ತದೆಂದು ತಿಳಿಯಬೇಡಿ. ಆದರೆ ಮರೆತುಹೋದ ಸಂಬಂಧಿಕರು ಎದ್ದು ಬರುವುದು ಹಲವು ಸಲ ಈ ಪ್ರಕಟಣೆಯಿಂದಲೇ. ನಿಮ್ಮ ವಕೀಲರಿಂದ ಬರವಣಿಗೆಯಲ್ಲಿ ವರದಿ ಪಡೆಯಿರಿ. ಅದರಲ್ಲಿ ಯಾವ ಪತ್ರಗಳ ಅಸಲು ನೋಡಿದ್ದಾರೆ, ಯಾವುವನ್ನು ನೋಡಿಲ್ಲ ಎಂಬುದು ನಮೂದಾಗಿರಲಿ.

ಪ್ರಶ್ನೆ: ಲಿಂಗಸುಗೂರಿನಲ್ಲಿ ಕೊಳ್ಳಬೇಕೆಂದಿರುವ ಹಳೆಯ ಮನೆಯ ಮೂಲ ಪತ್ರ ಉರ್ದುವಿನಲ್ಲಿದೆ. ಅದನ್ನು ಈಗ ಓದುವವರೂ ಇಲ್ಲ, ಅದರ ಅಗತ್ಯವೂ ಇಲ್ಲ, 1985ರ ಖರೀದಿ ಪತ್ರ ಸಾಕು ಎಂದು ದಲ್ಲಾಳಿ ಹೇಳುತ್ತಾರೆ. ಬಿಟ್ಟುಬಿಡಬಹುದೇ?

ಉತ್ತರ: ಬಿಡಬೇಡಿ. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಸೇರಿದವು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಆ ಕಾಲದ ದಾಖಲೆಗಳಲ್ಲಿ ಉರ್ದು ಬರಹ, ಫಸಲಿ ಎಂಬ ಕಂದಾಯ ವರ್ಷ, ಆಜರ್, ದೈ, ಬಹಮನ್ ಎಂಬ ತಿಂಗಳುಗಳು ಕಾಣುವುದು ಸಹಜ. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ, ಅಂದರೆ ಫಸಲಿ 1350 ಎಂದರೆ 1940ರ ಆಸುಪಾಸು. ಬಳ್ಳಾರಿಯ ಕಥೆ ಬೇರೆ: ಅದು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಅಲ್ಲಿ ಇಂಗ್ಲಿಷ್, ತೆಲುಗು ಬರಹಗಳು ಸಿಗುತ್ತವೆ, ಪಹಣಿಯ ಜಾಗದಲ್ಲಿ ಅಡಂಗಲ್ ಎಂಬ ಹೆಸರು ಬರುತ್ತದೆ. ಆದ್ದರಿಂದ ಬಳ್ಳಾರಿಯ ಆಸ್ತಿಗೆ ಬಳ್ಳಾರಿಯ ದಾಖಲೆ ಬಲ್ಲ ವಕೀಲರನ್ನು, ರಾಯಚೂರಿನದಕ್ಕೆ ಇಲ್ಲಿಯವರನ್ನು ಹಿಡಿಯುವುದು ಒಳ್ಳೆಯದು.

1985ರಲ್ಲಿ ಮಾರಿದವರಿಗೆ ಆ ಮನೆ ಹೇಗೆ ಬಂತು ಎಂಬುದಕ್ಕೆ ನಿಮ್ಮ ಉರ್ದು ಪತ್ರವೇ ಉತ್ತರ ಕೊಡುತ್ತದೆ. ಅದು ಖರೀದಿಯೋ, ಅಡಮಾನವೋ, ಇನಾಂ ಜಾಗವೋ, ಮಸೀದಿಗೋ ಗುಡಿಗೋ ಬಿಟ್ಟ ಜಾಗದ ಗೇಣಿಯೋ ಎಂದು ಓದಿದಲ್ಲದೆ ತಿಳಿಯದು. ಅಳತೆ ಮತ್ತು ಚೆಕ್‌ಬಂದಿಯೂ ಅದರಲ್ಲಿಯೇ ಇರುತ್ತದೆ. ರಾಯಚೂರು, ಲಿಂಗಸುಗೂರುಗಳಲ್ಲಿ ಉರ್ದು ಬಲ್ಲ ಹಿರಿಯರು ಈಗಲೂ ಇದ್ದಾರೆ. ಕನ್ನಡಕ್ಕೆ ಅನುವಾದ ಮಾಡಿಸಿ, ಅನುವಾದಕರ ಪ್ರಮಾಣ ಪತ್ರ ಸೇರಿಸಿ, ಮೂಲದ ಜೊತೆ ಇಡಿ. ಹಿಂದಿನ ಮಾಲೀಕರು ಮುಸ್ಲಿಮರಾಗಿದ್ದರೆ ಎರಡು ವಿಷಯ ನೋಡಬೇಕು. ಅವರ ವೈಯಕ್ತಿಕ ಕಾನೂನಿನಲ್ಲಿ ಸ್ವಾಧೀನ ಒಪ್ಪಿಸಿ ಬಾಯಿಮಾತಿನಲ್ಲಿ ಕೊಟ್ಟ ಹಿಬಾ, ಅಂದರೆ ದಾನ, ಊರ್ಜಿತವಾಗಬಹುದು, ಅದು ಇ.ಸಿ.ಯಲ್ಲಿ ಬರುವುದಿಲ್ಲ; ಮತ್ತು ಹೆಂಡತಿ, ಹೆಣ್ಣುಮಕ್ಕಳಿಗೆ ಪಾಲು ನಿಗದಿಯಾಗಿರುವುದರಿಂದ ಗಂಡುಮಕ್ಕಳಷ್ಟೇ ಮಾರಿದ ಪತ್ರ ಅಪೂರ್ಣ.

ಹೊಸ ತಾಲ್ಲೂಕುಗಳ ಓದುಗರಿಗೂ ಇಲ್ಲಿಯೇ ಒಂದು ಮಾತು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರುಗಳ ಆಸ್ತಿಯ ಹಳೆಯ ದಾಖಲೆಗಳನ್ನು ಮೊದಲಿದ್ದ ತಾಲ್ಲೂಕಿನ ನೋಂದಣಿ ಕಚೇರಿಯಲ್ಲಿಯೂ ಹುಡುಕಿಸಬೇಕು.

ಪ್ರಶ್ನೆ: ಕಾರಟಗಿ ಸಮೀಪ ನೀರಾವರಿ ಹೊಲವೊಂದರಲ್ಲಿ ಪ್ಲಾಟುಗಳನ್ನು ಹಾಕಿದ್ದಾರೆ. ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಮುಂದೆ ಆಗುತ್ತದೆ, ಸದ್ಯಕ್ಕೆ ಬಾಂಡ್ ಪೇಪರಿನ ಮೇಲೆ ಅಗ್ರಿಮೆಂಟು ಮತ್ತು ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡುತ್ತೇವೆ ಎನ್ನುತ್ತಾರೆ. ಹೊಲ ಮೊದಲು ಸರ್ಕಾರದಿಂದ ಮಂಜೂರಾದದ್ದು ಎಂದು ಊರಲ್ಲಿ ಹೇಳುತ್ತಾರೆ. ಬೆಲೆ ಕಡಿಮೆ ಇರುವುದರಿಂದ ನಮ್ಮ ತಂದೆಯವರಿಗೆ ಮನಸ್ಸಿದೆ.

ಉತ್ತರ: ನಿಮ್ಮ ತಂದೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಅಗ್ರಿಮೆಂಟಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಲ್ಲಿಯೇ ಬರೆದಿದೆ. ಜಿ.ಪಿ.ಎ. ಮೂಲಕ ಮಾಡುವ ಮಾರಾಟ ಮಾರಾಟವೇ ಅಲ್ಲವೆಂದು 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಂಜೂರಾದ ಜಮೀನು ಎಂಬ ಮಾತು ಅದಕ್ಕಿಂತಲೂ ದೊಡ್ಡದು. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನಾದರೆ, ಜನ ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕರ್ನಾಟಕ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಮಾರಾಟ ಶೂನ್ಯ. ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಲು ಅಧಿಕಾರಿಗಳಿಗೆ ಅಧಿಕಾರವಿದೆ, ಅರ್ಜಿಗೆ ಕಾಲಮಿತಿ ಅನ್ವಯಿಸದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಈ ಕಾಯ್ದೆ ಬಡವರ ನೆಲ ಅಗ್ಗದ ಬೆಲೆಗೆ ಕೈತಪ್ಪಿ ಹೋಗದಿರಲೆಂದು ಬಂದದ್ದು, ಅದನ್ನು ಗೌರವದಿಂದಲೇ ಕಾಣಬೇಕು. ಅಂಥ ನೆಲದ ಮೇಲೆ ಮನೆ ಕಟ್ಟುವ ಆಸೆ ಬೇಡ. ಭೂನ್ಯಾಯಮಂಡಳಿಯಿಂದ ಗೇಣಿದಾರರಿಗೆ ಬಂದ ಜಮೀನಾಗಿದ್ದರೆ 15 ವರ್ಷ ಪರಭಾರೆ ಮಾಡಬಾರದೆಂಬ ನಿರ್ಬಂಧವಿದೆ, ಆ ಅವಧಿಯಲ್ಲಿ ಮಾರಾಟವಾಗಿದೆಯೇ ಎಂದು ನೋಡಬೇಕು. ಇದನ್ನೆಲ್ಲ ವಕೀಲರು ಪಹಣಿಯಿಂದಲೇ ಹಿಡಿಯಲು ಆರಂಭಿಸುತ್ತಾರೆ: 9ನೇ ಕಾಲಮಿನಲ್ಲಿ ಯಾರ ಹೆಸರು, 10ರಲ್ಲಿ ಅದು ಯಾವ ಮುಟೇಶನ್ನಿನಿಂದ (ಹಕ್ಕು ಬದಲಾವಣೆಯ ನಮೂದಿನಿಂದ) ಬಂತು, 11ರಲ್ಲಿ ಯಾವ ಋಣ ಎಂದು ಓದಿ, ಒಂದೊಂದು ಮುಟೇಶನ್ ನಂಬರನ್ನೂ ಹಿಂದಕ್ಕೆ ಬೆನ್ನು ಹತ್ತಿ, ಮಂಜೂರಾತಿ ಆದೇಶದ ದೃಢೀಕೃತ ನಕಲನ್ನು ತಹಶೀಲ್ದಾರ್ ಕಚೇರಿಯಿಂದ ತರಿಸುತ್ತಾರೆ.

ಎನ್.ಎ. ಮುಂದೆ ಆಗುತ್ತದೆ ಎಂದವರಿಗೆ, ಆದ ಮೇಲೆ ಬರುತ್ತೇವೆ ಎಂದು ಹೇಳಿ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಭೂ ಪರಿವರ್ತನೆ ಆದೇಶ, ಸಕ್ಷಮ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ, ಪಂಚಾಯತಿಯ ಇ-ಸ್ವತ್ತು ನಮೂನೆಗಳು ಇರಬೇಕು. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ರೇರಾ ಕಾಯ್ದೆಯ 18ನೇ ಕಲಮಿನಲ್ಲಿ ಕೊಳ್ಳುವವರಿಗೆ ಒಂದು ಬಲವಾದ ರಕ್ಷಣೆ ಇದೆ: ಜಮೀನಿನ ಹಕ್ಕಿನ ದೋಷದಿಂದ ನಷ್ಟವಾದರೆ ಬಡಾವಣೆ ಮಾಡಿದವರೇ ಪರಿಹಾರ ಕೊಡಬೇಕು, ಆ ಹಕ್ಕೊತ್ತಾಯಕ್ಕೆ ಕಾಲಮಿತಿಯ ಅಡ್ಡಿ ಇಲ್ಲ.

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ನೌಕರ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ನನ್ನ ಮಗ ಅಲ್ಲಿ ಮನೆ ಕೊಳ್ಳುತ್ತಿದ್ದಾನೆ. ಅಲ್ಲಿ ವಕೀಲರು ಪತ್ರ ನೋಡಿದ ಮೇಲೂ ಟೈಟಲ್ ಇನ್ಶೂರೆನ್ಸ್ ಎಂದು ಹಣ ಕಟ್ಟಬೇಕಂತೆ. ಇದು ಮೋಸವಿರಬಹುದೇ? ಇಲ್ಲಿ ಏಕೆ ಅಂಥದ್ದಿಲ್ಲ?

ಉತ್ತರ: ಮೋಸವಲ್ಲ, ಅಲ್ಲಿಯ ಪದ್ಧತಿ. ಜಾರ್ಜಿಯಾ, ಮ್ಯಾಸಚೂಸೆಟ್ಸ್, ದಕ್ಷಿಣ ಕ್ಯಾರೊಲೈನಾದಂಥ ರಾಜ್ಯಗಳಲ್ಲಿ ಮನೆ ಮಾರಾಟದ ಅಂತಿಮ ವ್ಯವಹಾರವನ್ನು ವಕೀಲರೇ ನಡೆಸಬೇಕು. ಕ್ಯಾಲಿಫೋರ್ನಿಯಾದಂಥ ಕಡೆ ಎಸ್ಕ್ರೋ (ಹಣ, ಪತ್ರಗಳನ್ನು ಮಧ್ಯಸ್ಥರಾಗಿ ಇಟ್ಟುಕೊಳ್ಳುವ) ಮತ್ತು ಟೈಟಲ್ (ಹಕ್ಕು ಪರಿಶೀಲಿಸುವ) ಕಂಪನಿಗಳು ಆ ಕೆಲಸ ಮಾಡುತ್ತವೆ. ದಾಖಲೆಗಳನ್ನು ಶೋಧಿಸಿದ ಮೇಲೂ ಕಣ್ಣಿಗೆ ಬೀಳದ ದೋಷ, ಉದಾಹರಣೆಗೆ ಹಿಂದಿನ ಪತ್ರದ ಖೋಟಾ ಸಹಿ ಅಥವಾ ಬೆಳಕಿಗೆ ಬಾರದ ವಾರಸುದಾರರು, ಉಳಿದಿರಬಹುದು. ಅಂಥ ನಷ್ಟವನ್ನು ತುಂಬಿಕೊಡಲು ಕೊಳ್ಳುವಾಗ ಒಂದೇ ಸಲ ಪ್ರೀಮಿಯಂ ಕಟ್ಟಿ ವಿಮೆ ಮಾಡಿಸುತ್ತಾರೆ. ನಿಮ್ಮ ಮಗ ಒಂದು ವಿಷಯವನ್ನು ಗಮನಿಸಬೇಕು: ಸಾಲ ಕೊಡುವ ಬ್ಯಾಂಕಿನ ಪಾಲಿಸಿ ಬೇರೆ, ಮಾಲೀಕರ ಪಾಲಿಸಿ ಬೇರೆ. ಮೊದಲನೆಯದು ಬ್ಯಾಂಕನ್ನಷ್ಟೇ ಕಾಯುತ್ತದೆ. ಮಾಲೀಕರ ಪಾಲಿಸಿಯನ್ನೂ ಮಾಡಿಸಲು ಹೇಳಿ.

ನಮ್ಮಲ್ಲಿ ರೇರಾ ಕಾಯ್ದೆಯ 16ನೇ ಕಲಂ ಬಡಾವಣೆ ಮತ್ತು ಕಟ್ಟಡ ನಿರ್ಮಾಣ ಮಾಡುವವರು ಹಕ್ಕಿನ ವಿಮೆ ಮಾಡಿಸುವ ಬಗ್ಗೆ ಹೇಳುತ್ತದೆ. ಆದರೆ ಬಳ್ಳಾರಿಯಲ್ಲಿ ಒಂದು ಹಳೆಯ ಮನೆ ಕೊಳ್ಳುವ ಸಾಮಾನ್ಯರಿಗೆ ಅದು ಕೈಗೆಟುಕುವ ವಸ್ತುವಾಗಿಲ್ಲ. ಆದ್ದರಿಂದ ಇಲ್ಲಿ ವಕೀಲರ ಶೋಧವೇ ನಮ್ಮ ವಿಮೆ, ಮಾಡುವವರೂ ಮಾಡಿಸುವವರೂ ಅದನ್ನು ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಪ್ರಶ್ನೆ: ವಕೀಲರೇ ತಪ್ಪು ಅಭಿಪ್ರಾಯ ಕೊಟ್ಟು ನಮಗೆ ನಷ್ಟವಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದೇ? (ಓದುಗರೊಬ್ಬರು, ಕೊಪ್ಪಳ)

ಉತ್ತರ: ಈಗ ಹೋಗುವಂತಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ವಂಚನೆಯ ಸಂಚಿನಲ್ಲಿ ಭಾಗಿಯಾಗದ ಹೊರತು, ಅಭಿಪ್ರಾಯ ತಪ್ಪಾಯಿತೆಂಬ ಒಂದೇ ಕಾರಣಕ್ಕೆ ವಕೀಲರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಲಾಗದೆಂದು 2012ರಲ್ಲಿಯೇ, ಬ್ಯಾಂಕಿನ ಪ್ಯಾನಲ್ ವಕೀಲರ ಪ್ರಕರಣವೊಂದರಲ್ಲಿ, ಅದೇ ನ್ಯಾಯಾಲಯ ಹೇಳಿತ್ತು. ನಿರ್ಲಕ್ಷ್ಯವನ್ನು ರುಜುವಾತು ಮಾಡಬಲ್ಲಿರಾದರೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರ ಕೇಳುವ ದಾರಿ ತೆರೆದಿದೆ. ವೃತ್ತಿ ದುರ್ನಡತೆಯಾದರೆ 1961ರ ವಕೀಲರ ಕಾಯ್ದೆಯಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ನನ್ನ ವೃತ್ತಿಯವರ ಬಗ್ಗೆ ಇದನ್ನು ಬರೆಯುವಾಗ ನನಗೆ ಸಂಕೋಚವಿಲ್ಲ. ಬಾಯಿಮಾತಿನ ಅಭಿಪ್ರಾಯಕ್ಕೆ ಯಾವ ದಾರಿಯಲ್ಲಿಯೂ ಬೆಲೆ ಸಿಗುವುದಿಲ್ಲ. ಶುಲ್ಕವನ್ನು ಮೊದಲೇ ಮಾತಾಡಿಕೊಂಡು, ರಸೀದಿ ಪಡೆದು, ಸಹಿ ಮಾಡಿದ ವರದಿಯನ್ನು ಪಡೆಯಿರಿ. ದಲ್ಲಾಳಿ ಅಥವಾ ಮಾರಾಟಗಾರರು ಗೊತ್ತುಮಾಡಿಕೊಟ್ಟ ವಕೀಲರಿಂದ, ಅವರು ಎಷ್ಟೇ ಸಜ್ಜನರಾಗಿರಲಿ, ನಿಮ್ಮ ಪರವಾದ ಅಭಿಪ್ರಾಯ ಪಡೆಯಬೇಡಿ.

ಪ್ರಶ್ನೆ: ಪರಿಶೀಲನೆ ಮುಗಿದಿದೆ, ವರದಿ ಚೆನ್ನಾಗಿದೆ. ನೋಂದಣಿಯ ದಿನ ವಕೀಲರು ಜೊತೆಗೆ ಇರಬೇಕೆ? (ಗೃಹಿಣಿ, ಸಿಂಧನೂರು)

ಉತ್ತರ: ಇದ್ದರೆ ಒಳ್ಳೆಯದು. ವರದಿ ಬಂದ ದಿನಕ್ಕೂ ನೋಂದಣಿಯ ದಿನಕ್ಕೂ ನಡುವೆ ಎಷ್ಟೋ ವಾರಗಳು ಕಳೆದಿರುತ್ತವೆ, ಅಷ್ಟರಲ್ಲಿ ಹೊಸ ಅಡಮಾನವೋ ಇನ್ನೊಬ್ಬರಿಗೆ ಮಾರಾಟವೋ ಆಗಿರಬಹುದು. ಹಿಂದಿನ ದಿನದವರೆಗಿನ ಇ.ಸಿ.ಯನ್ನು ಮತ್ತೊಮ್ಮೆ ತೆಗೆಸಿ, ಹೊಸ ಪತ್ರದ ಕರಡಿನಲ್ಲಿರುವ ಅಳತೆ, ಚೆಕ್‌ಬಂದಿ, ಹೆಸರುಗಳ ಕಾಗುಣಿತ ಹಳೆಯ ಪತ್ರದೊಂದಿಗೆ ಹೊಂದುತ್ತವೆಯೇ ಎಂದು ವಕೀಲರಿಂದ ಓದಿಸಿರಿ. ಬಾಕಿ ಹಣವನ್ನು ಡಿ.ಡಿ. ಮೂಲಕ, ನೋಂದಣಿ ಕಚೇರಿಯಲ್ಲಿಯೇ ಕೊಡಿ. ಹಿಂದಿನ ಎಲ್ಲ ಅಸಲು ಪತ್ರಗಳನ್ನು ಅಲ್ಲಿಯೇ ಒಂದೊಂದಾಗಿ ಎಣಿಸಿ ತೆಗೆದುಕೊಂಡು, ಅವುಗಳ ಪಟ್ಟಿಗೆ ಮಾರಿದವರೆಲ್ಲರ ಸಹಿ ಪಡೆದುಕೊಳ್ಳಿ.